ಜಪಾನೀ ನುಡಿ ಕಲಿತವರ ಕಥೆ

ಮನುಷ್ಯ ತನ್ನದಲ್ಲದ ಭಾಷೆಯೊಂದನ್ನು ಏಕೆ ಕಲಿಯುತ್ತಾನೆ? ಹಿಂದಿನವರನ್ನು ಕೇಳಿದ್ದರೆ ದೊರೆಗಾಗಿ, ದೇವರಿಗಾಗಿ, ದುಡ್ಡಿಗಾಗಿ ಎಂದು ಮೂರೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುತ್ತಿದ್ದರು. ನಮ್ಮ ಹಿರಿಯರಲ್ಲಿ ಕೆಲವರು ಪಾರಸಿ ಕಲಿತದ್ದು ದೊರೆಗಾಗಿ. ಕಿಟ್ಟೆಲ್ ಸಾಹೇಬರು ಕನ್ನಡ ಕಲಿತದ್ದು ಮೊದಲಿಗೆ ದೇವರಿಗಾಗಿ. ನಾವು ಇಂಗ್ಲಿಷ್ ಕಲಿತದ್ದು ಏತಕ್ಕೆಂಬುದನ್ನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಈ ಮೂರು ಕಾರಣಗಳಿಗೆ ಸೇರದೆ ನಾಲ್ಕನೆಯದೊಂದುಂಟು. ಅದು ಕಥೆ. ಕಥೆಯ ಆಸೆಗೆ ಬಿದ್ದು ಪರಭಾಷೆಯ ವ್ಯಾಕರಣಕ್ಕೆ ಕೈ ಹಾಕುವವರು ಹಿಂದೆಯೂ ಇದ್ದರು; ಆದರೆ ಅವರು ಎಲ್ಲೋ ಒಬ್ಬಿಬ್ಬರು, ವಿದ್ವಾಂಸರು. ಅದೇ ಕಾರಣ ಲಕ್ಷಾಂತರ ಹುಡುಗ ಹುಡುಗಿಯರನ್ನು ಒಂದು ಕಠಿಣವಾದ ಭಾಷೆಯ ಬಾಗಿಲಿಗೆ ತಂದು ನಿಲ್ಲಿಸಿದ್ದನ್ನು ನೋಡಬೇಕಾದರೆ ಜಪಾನೀ ಭಾಷೆಯ ಚರಿತ್ರೆಯನ್ನು ನೋಡಬೇಕು. ಆ ಭಾಷೆಯನ್ನು ಹೊರಗಿನವರು ದೇವರಿಗಾಗಿ ಕಲಿತರು, ದೊರೆಯ ಭಯಕ್ಕೆ ಕಲಿತರು, ದುಡ್ಡಿಗಾಗಿ ಕಲಿತರು. ಕೊನೆಗೆ ಒಂದು ನೀಲಿ ಬೆಕ್ಕಿಗಾಗಿಯೂ ಕಲಿತರು. ಇವುಗಳಲ್ಲಿ ಯಾವುದು ಬೇರೂರಿತು ಎಂಬುದೇ ನಾವು ಇಲ್ಲಿ ವಿಚಾರಿಸಬೇಕಾದ ಸಂಗತಿ.

ಈ ಕಥೆಯ ಮೊದಲ ಅಧ್ಯಾಯ ನಮ್ಮ ನೆರೆಯ ಗೋವೆಯಲ್ಲೇ ಆರಂಭವಾಗುತ್ತದೆ. ಜಪಾನಿನ ಕಾಗೊಶಿಮಾದ ಅಂಜಿರೋ ಎಂಬಾತ ಒಂದು ಕೊಲೆಯ ಕಾರಣದಿಂದ ಊರು ಬಿಟ್ಟು ಓಡಿಬಂದವನು. 1547ರಲ್ಲಿ ಮಲಕ್ಕಾದಲ್ಲಿ ಅವನಿಗೆ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ ಭೇಟಿಯಾದರು. ಮರುವರ್ಷ ಗೋವೆಯಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಅಲ್ಲಿಯೇ ಪೋರ್ಚುಗೀಸ್ ಭಾಷೆಯನ್ನೂ ಕಲಿತ. 1549ರಲ್ಲಿ ಅವನನ್ನೇ ದುಭಾಷಿಯಾಗಿ ಮಾಡಿಕೊಂಡು ಕ್ಸೇವಿಯರ್ ಕಾಗೊಶಿಮಾದಲ್ಲಿ ಇಳಿದರು. ಆದರೆ ಅಂಜಿರೋ ವಿದ್ವಾಂಸನಲ್ಲ. ಕ್ರೈಸ್ತರ ದೇವರಿಗೆ ಜಪಾನಿಯಲ್ಲಿ ಏನೆನ್ನಬೇಕೆಂದು ಕೇಳಿದರೆ ಅವನು ‘ದೈನಿಚಿ’ ಎಂಬ ಹೆಸರನ್ನು ಕೊಟ್ಟ. ಅದು ಬೌದ್ಧರ ವೈರೋಚನ ಬುದ್ಧನ ಹೆಸರು! ಪಾದ್ರಿಗಳು ಎರಡು ವರ್ಷ ಆ ಹೆಸರಿನಲ್ಲಿಯೇ ಉಪದೇಶ ಮಾಡಿದರು. ಜನ ಸಂತೋಷದಿಂದ ಕೇಳಿದರು; ಇದು ಬೌದ್ಧಧರ್ಮದ್ದೇ ಇನ್ನೊಂದು ಪಂಥವೆಂದುಕೊಂಡರು. ತಪ್ಪು ಗೊತ್ತಾದ ಮೇಲೆ ಪಾದ್ರಿಗಳಿಗೆ ಒಂದು ಪಾಠವಾಯಿತು. ಎರವಲು ನಾಲಗೆಯಿಂದ ಕೆಲಸವಾಗದು, ತಾವೇ ಕಲಿಯಬೇಕು.

ಕಲಿತರು, ಚೆನ್ನಾಗಿಯೇ ಕಲಿತರು. 1603ರಲ್ಲಿ ನಾಗಸಾಕಿಯಲ್ಲಿ ಅವರು ಅಚ್ಚು ಹಾಕಿಸಿದ ಜಪಾನೀ–ಪೋರ್ಚುಗೀಸ್ ನಿಘಂಟಿನಲ್ಲಿ ಸುಮಾರು 32 ಸಾವಿರ ಶಬ್ದಗಳಿವೆ. ಮರುವರ್ಷದಿಂದ ಜೋವಾನ್ ರೊಡ್ರಿಗಸ್ ಎಂಬ ಪಾದ್ರಿಯ ದೊಡ್ಡ ವ್ಯಾಕರಣ ಹೊರಬಂತು. ಆ ಕಾಲದ ಜಪಾನೀ ಉಚ್ಚಾರಣೆಯನ್ನು ತಿಳಿಯಲು ಇಂದಿಗೂ ಜಪಾನಿನ ಪಂಡಿತರೇ ಈ ಗ್ರಂಥಗಳನ್ನು ತೆರೆಯುತ್ತಾರೆ. ಆದರೇನು? 1614ರಲ್ಲಿ ಕ್ರೈಸ್ತಧರ್ಮಕ್ಕೆ ನಿಷೇಧ ಬಿತ್ತು; ಪಾದ್ರಿಗಳು ಹೊರಬಿದ್ದರು. ಮುಂದೆ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಯೂರೋಪಿಯನರಲ್ಲಿ ಡಚ್ ವರ್ತಕರಿಗೆ ಮಾತ್ರ, ಅದೂ ನಾಗಸಾಕಿಯ ದೆಜಿಮಾ ಎಂಬ ಪುಟ್ಟ ನಡುಗಡ್ಡೆಯಲ್ಲಿ ಮಾತ್ರ, ಠಾವು. ಅವರೊಡನೆ ವ್ಯವಹರಿಸಲು ಜಪಾನಿನ ದುಭಾಷಿ ಮನೆತನಗಳೇ ತಲೆತಲಾಂತರವಾಗಿ ಡಚ್ ಕಲಿತುವು. ದೇವರಿಗಾಗಿ ಕಲಿತ ಭಾಷೆ ದೇವರ ಕೆಲಸ ನಿಂತೊಡನೆ ಪುಸ್ತಕದಲ್ಲಿ ಉಳಿಯಿತು. ಬಾಗಿಲು ಮತ್ತೆ ತೆರೆದ ಮೇಲೆ ಹೊಸ ನಿಘಂಟನ್ನು ಬರೆದವನೂ ಒಬ್ಬ ಮಿಷನರಿ ವೈದ್ಯನೇ. ಅಮೆರಿಕದಿಂದ 1859ರಲ್ಲಿ ಬಂದ ಹೆಪ್‌ಬರ್ನ್‌ನ ಜಪಾನೀ–ಇಂಗ್ಲಿಷ್ ನಿಘಂಟು 1867ರಲ್ಲಿ ಪ್ರಕಟವಾಯಿತು. ಜಪಾನೀ ಮಾತನ್ನು ರೋಮನ್ ಲಿಪಿಯಲ್ಲಿ ಬರೆಯುವ ಬಳಕೆಯ ಪದ್ಧತಿಗೆ ಈಗಲೂ ಅವನದೇ ಹೆಸರು.

ಇನ್ನು ದೊರೆಯ ಮಾತು. ಜಪಾನು 1895ರಲ್ಲಿ ತೈವಾನನ್ನು ಪಡೆಯಿತು. 1910ರಲ್ಲಿ ಕೊರಿಯವನ್ನು ನುಂಗಿತು. ಎರಡು ಕಡೆಯೂ ಶಾಲೆಗಳು ತೆರೆದುವು; ಆ ಶಾಲೆಗಳಲ್ಲಿ ‘ರಾಷ್ಟ್ರಭಾಷೆ’ ಎಂಬ ಹೆಸರಿನಿಂದ ಕಲಿಸಿದ್ದು ಜಪಾನೀ ಭಾಷೆಯನ್ನು. ಕೊರಿಯದಲ್ಲಿ 1938ರಿಂದ ಕೊರಿಯನ್ ಭಾಷೆ ಶಾಲೆಯಲ್ಲಿ ಐಚ್ಛಿಕವಾಯಿತು. ಬೇಗನೆ ಅದೂ ಮರೆಯಾಯಿತು. 1940ರಲ್ಲಿ ಜನರು ತಮ್ಮ ಮನೆತನದ ಹೆಸರುಗಳನ್ನೇ ಜಪಾನೀ ರೀತಿಗೆ ಬದಲಾಯಿಸಿಕೊಳ್ಳಬೇಕೆಂಬ ಏರ್ಪಾಡು ಬಂತು. ಒಂದು ತಲೆಮಾರಿನ ಮಕ್ಕಳು ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು, ಹೀಗೆ ಎರಡು ಬಾಳುಗಳನ್ನು ಬಾಳಿದರು.

ಆ ತಲೆಮಾರಿನವನೇ ಯುನ್ ದೊಂಗ್-ಜು ಎಂಬ ತರುಣ ಕವಿ. ಓದಿಗಾಗಿ ಜಪಾನಿಗೆ ಹೋಗಿ ಕ್ಯೋಟೋದ ದೋಶಿಶಾ ವಿಶ್ವವಿದ್ಯಾಲಯವನ್ನು ಸೇರಿದ್ದ. ಅವನಿಗೆ ಜಪಾನೀ ಚೆನ್ನಾಗಿ ಬರುತ್ತಿತ್ತು. ಕವಿತೆಯನ್ನು ಮಾತ್ರ ಕೊರಿಯನ್ನಿನಲ್ಲಿಯೇ ಬರೆಯುತ್ತಿದ್ದ. ಸ್ವಾತಂತ್ರ್ಯ ಚಳವಳಿಯ ಆಪಾದನೆಯ ಮೇಲೆ 1943ರಲ್ಲಿ ಅವನನ್ನು ಹಿಡಿದರು. 1945ರ ಫೆಬ್ರುವರಿಯಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ಫುಕುಓಕಾದ ಸೆರೆಮನೆಯಲ್ಲಿ ಆತ ತೀರಿಕೊಂಡ. ಕೊರಿಯ ಬಿಡುಗಡೆಯಾಗಲು ಇನ್ನು ಆರು ತಿಂಗಳು ಇದ್ದುವು.

ಬಿಡುಗಡೆಯಾದ ಕೂಡಲೇ ಕೊರಿಯದ ಶಾಲೆಗಳು ಜಪಾನೀ ಪುಸ್ತಕಗಳನ್ನು ಹೊರಗೆಸೆದವು. ಮೂವತ್ತೈದು ವರ್ಷ ಸರ್ಕಾರ, ಪೋಲೀಸು, ಮೇಷ್ಟರ ಬೆತ್ತ ಎಲ್ಲವೂ ಸೇರಿ ಕಲಿಸಿದ ಭಾಷೆಯನ್ನು ಬಲ್ಲವರು ಲಕ್ಷಗಟ್ಟಲೆ ಇದ್ದರು. ಬಲ್ಲೆವೆಂದು ಹೇಳಿಕೊಳ್ಳುವವರು ಇರಲಿಲ್ಲ. ಬಲವಂತದ ಪಾಠಕ್ಕೆ ಇದಕ್ಕಿಂತ ದೊಡ್ಡ ಸೋಲು ಉಂಟೆ?

ಇತ್ತ ಅಮೆರಿಕದಲ್ಲಿ ಇದೇ ಯುದ್ಧ ಬೇರೊಂದು ಬಗೆಯ ವಿದ್ಯಾರ್ಥಿಗಳನ್ನು ತಯಾರಿಸುತ್ತಿತ್ತು. ಅಮೆರಿಕದ ನೌಕಾಪಡೆಯವರು 1942ರಲ್ಲಿ ತಮ್ಮ ಜಪಾನೀ ಭಾಷಾಶಾಲೆಯನ್ನು ಕೊಲೊರಾಡೊದ ಬೋಲ್ಡರ್ ಪಟ್ಟಣಕ್ಕೆ ಸಾಗಿಸಿದರು. ಕಾರಣ ವಿಚಿತ್ರವಾದುದು. ಪಾಠ ಹೇಳುವವರಲ್ಲಿ ಹೆಚ್ಚಿನವರು ಜಪಾನೀ ಮೂಲದ ಅಮೆರಿಕನರು. ಪಡುವಣ ಕರಾವಳಿಯಿಂದ ಅಂಥವರನ್ನೆಲ್ಲ ತೆರವುಗೊಳಿಸಿ ಶಿಬಿರಗಳಲ್ಲಿ ಕೂಡಿಹಾಕಲು ಸರ್ಕಾರವೇ ಆಜ್ಞೆ ಮಾಡಿತ್ತು. ಒಂದು ಕೈಯಿಂದ ಕೂಡಿಹಾಕಿದ ಜನರ ಭಾಷೆಯನ್ನೇ ಇನ್ನೊಂದು ಕೈಯಿಂದ ಕಲಿಯುವ ಅವಸರ!

ಆ ಶಾಲೆಯ ವಿದ್ಯಾರ್ಥಿಗಳಲ್ಲಿ ಡಾನಲ್ಡ್ ಕೀನ್ ಒಬ್ಬ. ಆದರೆ ಅವನನ್ನು ಜಪಾನಿನ ಕಡೆಗೆ ಮೊದಲು ತಿರುಗಿಸಿದ್ದು ಯುದ್ಧವಲ್ಲ. 1940ರಲ್ಲಿ, ಹದಿನೆಂಟು ವರ್ಷದವನಾಗಿದ್ದಾಗ, ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಬಳಿಯ ಪುಸ್ತಕದಂಗಡಿಯಲ್ಲಿ ಎರಡು ಸಂಪುಟಗಳ ಒಂದು ಗ್ರಂಥ 49 ಸೆಂಟುಗಳಿಗೆ ಮಾರಾಟಕ್ಕಿತ್ತು. ಗಾತ್ರಕ್ಕೆ ಬೆಲೆ ಅಗ್ಗವೆಂದು ಕೊಂಡ. ಅದು ‘ಗೆಂಜಿಯ ಕಥೆ’, ಸಾವಿರ ವರ್ಷದ ಹಿಂದೆ ಮುರಸಾಕಿ ಎಂಬ ಅರಮನೆಯ ಹೆಂಗಸು ಬರೆದ ಕಾದಂಬರಿಯ ಇಂಗ್ಲಿಷ್ ಅನುವಾದ. ಅನುವಾದಿಸಿದ ಆರ್ಥರ್ ವೇಲಿ ಜಪಾನೀ ಭಾಷೆಯನ್ನು ತಾನೇ ಕಲಿತವನು. ಜಪಾನಿಗೆ ಒಮ್ಮೆಯೂ ಕಾಲಿಟ್ಟವನಲ್ಲ. ಯೂರೋಪು ಹೊತ್ತಿ ಉರಿಯುತ್ತಿದ್ದ ಆ ದಿನಗಳಲ್ಲಿ ಪತ್ರಿಕೆ ಬಿಡಿಸಲು ಹೆದರುತ್ತಿದ್ದ ಹುಡುಗನಿಗೆ ಆ ಕಥೆ ಆಸರೆಯಾಯಿತು. ಮುಂದೆ ಯುದ್ಧದಲ್ಲಿ ಸತ್ತ ಜಪಾನೀ ಸಿಪಾಯಿಗಳ ದಿನಚರಿಗಳನ್ನು ಓದುವ ಕೆಲಸ ಅವನ ಪಾಲಿಗೆ ಬಂತು. ಯುದ್ಧ ಮುಗಿದ ಮೇಲೆ ಸಹಪಾಠಿಗಳಲ್ಲಿ ಎಷ್ಟೋ ಮಂದಿ ಆ ಭಾಷೆಯನ್ನು ಬಿಟ್ಟರು, ಕೀನ್ ಬಿಡಲಿಲ್ಲ. ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಅರ್ಧ ಶತಮಾನಕ್ಕೂ ಮೇಲ್ಪಟ್ಟು ಜಪಾನೀ ಸಾಹಿತ್ಯವನ್ನು ಕಲಿಸಿದ. 2011ರ ಭೂಕಂಪ, ಸುನಾಮಿಗಳಾದ ಮೇಲೆ ಪರದೇಶಿಗಳು ಜಪಾನನ್ನು ಬಿಟ್ಟು ಹೋಗುತ್ತಿದ್ದಾಗ ಈತ ಅಲ್ಲಿಗೆ ಹೋಗಿ, 2012ರಲ್ಲಿ, ತನ್ನ 89ನೆಯ ವಯಸ್ಸಿನಲ್ಲಿ ಜಪಾನೀ ಪೌರನಾದ. 2019ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದ. ನೌಕಾಪಡೆ ಆತನಿಗೆ ವ್ಯಾಕರಣವನ್ನು ಕೊಟ್ಟಿತು. ಅದನ್ನು ಬದುಕಿನುದ್ದಕ್ಕೂ ಹಿಡಿದುಕೊಳ್ಳುವಂತೆ ಮಾಡಿದ್ದು ಆ 49 ಸೆಂಟಿನ ಕಥೆ.

ಮೂರನೆಯದು ದುಡ್ಡು. ಯುದ್ಧದಲ್ಲಿ ನೆಲಕಚ್ಚಿದ ಜಪಾನು ಕೆಲವೇ ದಶಕಗಳಲ್ಲಿ ರೇಡಿಯೊ, ಕ್ಯಾಮರಾ, ಕಾರುಗಳಿಂದ ಲೋಕವನ್ನು ತುಂಬಿತು. 1980ರ ದಶಕದಲ್ಲಿ ಜಪಾನೀ ಬಂದರೆ ನೌಕರಿ ಖಂಡಿತವೆಂಬ ನಂಬಿಕೆ ಹಬ್ಬಿತು. ಅಮೆರಿಕದ ಕಾಲೇಜುಗಳಲ್ಲಿ 1980ರಲ್ಲಿ ಜಪಾನೀ ಓದುತ್ತಿದ್ದವರು ಸುಮಾರು ಹನ್ನೊಂದು ಸಾವಿರ. 1990ರ ಹೊತ್ತಿಗೆ ನಲವತ್ತೈದು ಸಾವಿರ. ಅಷ್ಟರಲ್ಲಿ ಜಪಾನಿನ ಆರ್ಥಿಕ ಗುಳ್ಳೆ ಒಡೆಯಿತು. ಭೂಮಿಯ ಬೆಲೆ, ಷೇರುಗಳ ಬೆಲೆ ಕುಸಿದುವು. ಲೆಕ್ಕದ ಪ್ರಕಾರ ತರಗತಿಗಳೂ ಬರಿದಾಗಬೇಕಾಗಿತ್ತು. ಮೊದಲು ತುಸು ಇಳಿದದ್ದೂ ಹೌದು. ಆದರೆ ಬರಿದಾಗಲಿಲ್ಲ, ಸಂಖ್ಯೆ ಮತ್ತೆ ಏರುತ್ತ ಹೋಗಿ 2009ರಲ್ಲಿ 72 ಸಾವಿರವನ್ನು ದಾಟಿತು. ದುಡ್ಡಿನ ಬಾವಿ ಬತ್ತಿದ ಮೇಲೂ ನೀರು ಸೇದುವವರು ಹೆಚ್ಚಾದರೆಂದರೆ ಎಲ್ಲೋ ಇನ್ನೊಂದು ಸೆಲೆ ಇರಲೇಬೇಕಲ್ಲವೆ?

ಆ ಸೆಲೆಯ ಹೆಸರು ಮಾಂಗಾ ಮತ್ತು ಅನಿಮೆ. ಮಾಂಗಾ ಎಂದರೆ ಚಿತ್ರಕಥೆಯ ಪುಸ್ತಕ. ಅನಿಮೆ ಎಂದರೆ ಅದರ ಚಲಿಸುವ ರೂಪ. ತೆಜುಕಾ ಒಸಾಮು ಎಂಬಾತ 1952ರಲ್ಲಿ ಬರೆಯತೊಡಗಿದ ‘ಪರಮಾಣು’ ಹೆಸರಿನ ಯಂತ್ರಬಾಲಕನ ಕಥೆ 1963ರ ಜನವರಿ 1ರಂದು ಜಪಾನಿನ ದೂರದರ್ಶನದಲ್ಲಿ ಬಂತು. ಅದೇ ವರ್ಷ ಅಮೆರಿಕಕ್ಕೂ ಹೋಯಿತು. ಆದರೆ ಹೋದದ್ದು ಹುಡುಗನೇ ಹೊರತು ಅವನ ಮಾತಲ್ಲ. ಅಲ್ಲಿ ಅವನು ‘ಆಸ್ಟ್ರೋ ಬಾಯ್’ ಎಂಬ ಹೆಸರಿನಿಂದ ಇಂಗ್ಲಿಷ್ ಮಾತಾಡಿದ. ಮುಂದೆ ಬಹುಕಾಲ ಹೀಗೆಯೇ ನಡೆಯಿತು. 1993ರಲ್ಲಿ ನಮ್ಮ ದೂರದರ್ಶನದಲ್ಲಿ ಭಾನುವಾರದ ಬೆಳಗ್ಗೆ ಬರುತ್ತಿದ್ದ ಮೌಗ್ಲಿಯ ‘ಜಂಗಲ್ ಬುಕ್’ ನಮ್ಮ ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಗುಲ್ಜಾರರು ಹಾಡು ಬರೆದ ಆ ಹಿಂದಿ ಚಿತ್ರಮಾಲೆ ತಯಾರಾದದ್ದು ಜಪಾನಿನಲ್ಲಿ. ಅದನ್ನು ನೋಡಿ ಹಿಂದಿ ಕಲಿತ ಕನ್ನಡದ ಮಕ್ಕಳುಂಟು, ಜಪಾನೀ ಕಲಿತವರಿಲ್ಲ.

ಈ ಮಾತಿಗೆ ಇನ್ನೂ ಸ್ವಾರಸ್ಯವಾದ ನಿದರ್ಶನ ಢಾಕಾದ್ದು. ಡೊರೆಮಾನ್ ಎಂಬುದು ಇಪ್ಪತ್ತೆರಡನೆಯ ಶತಮಾನದಿಂದ ಬಂದ ಕಿವಿಯಿಲ್ಲದ ನೀಲಿ ಬೆಕ್ಕು. ಓದಿನಲ್ಲಿ ಹಿಂದುಳಿದ ನೊಬಿಟ ಎಂಬ ಹುಡುಗನಿಗೆ ಗೆಳೆಯ. ಈ ಕಥೆ ಹಿಂದಿಯಲ್ಲಿ ಬಾಂಗ್ಲಾದೇಶದ ಮನೆಮನೆಗೂ ಬರುತ್ತಿತ್ತು. ಅಲ್ಲಿನ ಮಕ್ಕಳು ಮನೆಯಲ್ಲಿ ಹಿಂದಿ ಮಾತಾಡತೊಡಗಿದರು. ತಾಯಂದಿರು ಗಾಬರಿಯಾದರು, 2013ರಲ್ಲಿ ಸರ್ಕಾರ ಆ ಪ್ರಸಾರವನ್ನು ತಡೆಹಿಡಿಯಿತು. 1952ರಲ್ಲಿ ಉರ್ದುವಿನ ಹೇರಿಕೆಯನ್ನು ವಿರೋಧಿಸಿ ತರುಣರು ಪ್ರಾಣಕೊಟ್ಟ ಊರು ಅದು. ಗುಂಡು ಹಾರಿಸಿದರೂ ಪರಭಾಷೆಯನ್ನು ಒಪ್ಪದ ಊರಿನಲ್ಲಿ ಒಂದು ಜಪಾನೀ ಬೆಕ್ಕು ಹಿಂದಿಯನ್ನು ನಗುನಗುತ್ತ ಕಲಿಸಿಬಿಟ್ಟಿತ್ತು. ಕಥೆ ಯಾವ ನಾಲಗೆಯಲ್ಲಿ ಬರುತ್ತದೋ ಆ ನಾಲಗೆಯನ್ನು ಮಕ್ಕಳು ಕಲಿಯುತ್ತಾರೆ.

ಹಾಗಾದರೆ ಜಪಾನೀ ನಾಲಗೆ ಯಾವಾಗ ಕೇಳಿಸಿತು? ಅದರ ಹಿಂದೆ ಒಂದು ಯಂತ್ರದ ಸಂಗತಿಯಿದೆ. ಜಪಾನು ಮತ್ತು ಅಮೆರಿಕ ಎರಡರಲ್ಲಿಯೂ ದೂರದರ್ಶನದ ತಾಂತ್ರಿಕ ಪದ್ಧತಿ ಒಂದೇ. ಮನೆಯಲ್ಲಿ ಧ್ವನಿಚಿತ್ರ ಮುದ್ರಿಸುವ ಯಂತ್ರ ಬಂದಾಗ ಟೋಕಿಯೋದಲ್ಲಿ ಮುದ್ರಿಸಿದ ಟೇಪು ಕ್ಯಾಲಿಫೋರ್ನಿಯದಲ್ಲಿ ಹಾಗೆಯೇ ಓಡುತ್ತಿತ್ತು. 1977ರಲ್ಲಿ ಲಾಸ್ ಏಂಜಲೀಸಿನಲ್ಲಿ ಅಭಿಮಾನಿಗಳ ಒಂದು ಸಂಘವೇ ಹುಟ್ಟಿತು. ಅನುವಾದವಿಲ್ಲದ ಟೇಪನ್ನು ಹಾಕಿಕೊಂಡು ಅರ್ಥವಾಗದಿದ್ದರೂ ಕೂತು ನೋಡುವುದು. ಅಲ್ಪಸ್ವಲ್ಪ ಬಲ್ಲವನೊಬ್ಬ ಎದ್ದುನಿಂತು ಕಥೆ ಹೇಳುವುದು. ಮುಂದೆ ಅಭಿಮಾನಿಗಳೇ ಚಿತ್ರದ ಕೆಳಗೆ ಇಂಗ್ಲಿಷ್ ಸಾಲುಗಳನ್ನು ಸೇರಿಸತೊಡಗಿದರು. ಕಣ್ಣಿಗೆ ಇಂಗ್ಲಿಷ್, ಕಿವಿಗೆ ಜಪಾನೀ. ಒಂದೇ ಮಾತು ನೂರು ಸಲ ಕಿವಿಗೆ ಬಿದ್ದರೆ ಅದರ ಅರ್ಥವನ್ನು ಕೇಳದೆ ಇರುವುದು ಹೇಗೆ?

ಪುಸ್ತಕದ ಕಡೆಯಿಂದಲೂ ಸಹಾಯ ಬಂತು. ಜಪಾನೀ ಬರಹದಲ್ಲಿ ಎರಡು ಬಗೆಯ ಅಕ್ಷರಮಾಲೆಗಳು. ಅವುಗಳ ಮೇಲೆ ಚೀನೀ ಚಿತ್ರಾಕ್ಷರಗಳು. 2010ರ ಸರ್ಕಾರದ ಪಟ್ಟಿಯಂತೆ ದಿನಬಳಕೆಯ ಚಿತ್ರಾಕ್ಷರಗಳೇ 2,136. ಎಂಥವನಿಗೂ ಎದೆ ಒಡೆಯಬೇಕಾದ ಸಂಖ್ಯೆ ಇದು. ಆದರೆ ಬಾಲಕರಿಗಾಗಿ ಅಚ್ಚಾಗುವ ಚಿತ್ರಕಥೆಗಳಲ್ಲಿ ಪ್ರತಿಯೊಂದು ಚಿತ್ರಾಕ್ಷರದ ಪಕ್ಕದಲ್ಲಿ ಅದರ ಉಚ್ಚಾರಣೆಯನ್ನು ಸಣ್ಣ ಅಕ್ಷರಗಳಲ್ಲಿ ಮುದ್ರಿಸುವುದು ವಾಡಿಕೆ. ಜಪಾನಿನ ಶಾಲೆಯ ಹುಡುಗನಿಗೆಂದು ಮಾಡಿದ ಈ ಉಪಕಾರ ಪರದೇಶದ ಕಲಿಯುವವನಿಗೂ ದಕ್ಕಿತು. ಓದಲು ಬಾರದ ಅಕ್ಷರವನ್ನು ನಿಘಂಟಿನಲ್ಲಿ ಹುಡುಕುವುದು ಹೇಗೆಂಬ ದೊಡ್ಡ ತೊಡಕು ಅಲ್ಲಿಗೆ ನೀಗಿತು.

ಈಗ ಮತ್ತೆ ಕೊರಿಯಕ್ಕೆ ಹೋಗೋಣ. ನಿಜವಾದ ಪರೀಕ್ಷೆ ನಡೆದದ್ದು ಅಲ್ಲಿ. ಸ್ವಾತಂತ್ರ್ಯಾನಂತರ ಆ ದೇಶ ಜಪಾನಿನ ಸಿನಿಮಾ, ಹಾಡುಗಳನ್ನು ಒಳಗೆ ಬಿಡಲಿಲ್ಲ. ಆದರೂ ಚಿತ್ರಕಥೆಗಳು ವೇಷ ಮರೆಸಿಕೊಂಡು ಬಂದುವು. ನಾಯಕನಿಗೆ ಕೊರಿಯನ್ ಹೆಸರು, ಮಾತೂ ಕೊರಿಯನ್. ಎಷ್ಟೋ ಮಕ್ಕಳು ಅವು ತಮ್ಮವೇ ಎಂದು ನಂಬಿ ಬೆಳೆದರು. ಕೊನೆಗೆ 1998ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಿಮ್ ದೇ-ಜುಂಗ್ ಬಾಗಿಲನ್ನು ಹಂತಹಂತವಾಗಿ ತೆರೆಯಲು ಒಪ್ಪಿದರು. ಬಾಲ್ಯದಲ್ಲಿ ಆಳರಸರ ಶಾಲೆಯಲ್ಲಿ ಜಪಾನೀ ಕಲಿಯಬೇಕಾಗಿದ್ದ ಮನುಷ್ಯನೇ ಈ ಬಾಗಿಲನ್ನು ತೆರೆದದ್ದು. ದೇಶದ ಸಂಸ್ಕೃತಿ ಕೊಚ್ಚಿಹೋದೀತೆಂದು ಹೆದರಿದವರಿದ್ದರು. ಆದದ್ದೇ ಬೇರೆ. 2003ರಲ್ಲಿ ಕೊರಿಯದ ‘ವಿಂಟರ್ ಸೊನಾಟ’ ಎಂಬ ಧಾರಾವಾಹಿ ಜಪಾನಿನ ದೂರದರ್ಶನದಲ್ಲಿ ಬಂದಾಗ ಜಪಾನಿನ ನಡುವಯಸ್ಸಿನ ಗೃಹಿಣಿಯರು ಕೊರಿಯನ್ ಪಾಠದ ಪುಸ್ತಕಗಳನ್ನು ಕೊಂಡರು! ಒಂದು ಕಾಲಕ್ಕೆ ಯಾವ ಭಾಷೆಯನ್ನು ಶಾಲೆಯಿಂದಲೇ ಹೊರಹಾಕಿದ್ದರೋ ಅದೇ ಭಾಷೆಯನ್ನು ಆ ಆಳರಸರ ಮೊಮ್ಮಕ್ಕಳು ಕೈಯಿಂದ ಕಾಸು ಕೊಟ್ಟು ಕಲಿತರು.

ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. ಜಪಾನ್ ಫೌಂಡೇಶನ್ ಸಂಸ್ಥೆಯ ಗಣತಿಯಂತೆ 1979ರಲ್ಲಿ ಜಪಾನಿನ ಹೊರಗೆ ಆ ಭಾಷೆಯನ್ನು ಪಾಠಶಾಲೆಗಳಲ್ಲಿ ಕಲಿಯುತ್ತಿದ್ದವರು 1 ಲಕ್ಷ 27 ಸಾವಿರ. 2018ರಲ್ಲಿ 38 ಲಕ್ಷಕ್ಕೂ ಮೇಲೆ. ಅದರಲ್ಲಿ ಭಾರತದವರು ಸುಮಾರು 38 ಸಾವಿರ. ಕಲಿಯುವವರ ಉದ್ದೇಶವೇನೆಂದು ಕೇಳಿದಾಗ ನೂರಕ್ಕೆ 66 ಪಾಲು ಸಂಸ್ಥೆಗಳು ಚಿತ್ರಕಥೆ, ಚಲಚ್ಚಿತ್ರ, ಹಾಡು, ಉಡುಪುಗಳ ಆಸಕ್ತಿಯೆಂದುವು. ಪಟ್ಟಿಯಲ್ಲಿ ಮೊದಲ ಸ್ಥಾನ ಅದಕ್ಕೇ. ಜಪಾನೀ ಸರ್ಕಾರ 2008ರಲ್ಲಿಯೇ ಡೊರೆಮಾನನನ್ನು ಅನಿಮೆಯ ರಾಯಭಾರಿಯಾಗಿ ನೇಮಿಸಿತು. ಸೈನ್ಯವನ್ನು ಕಳುಹಿಸಿ ಸೋತ ದೇಶ ಬೆಕ್ಕನ್ನು ಕಳುಹಿಸಿ ಗೆದ್ದಿತೆಂದರೆ ನಗುವವರು ನಗಲಿ, ಮಾತು ಸುಳ್ಳಲ್ಲ.

ಹಾಗೆಂದು ಒಂದೇ ಕಣ್ಣಿನಿಂದ ನೋಡಬಾರದು. ಈ ಲಕ್ಷಗಳಲ್ಲಿ ಶಾಲೆಯ ಪಠ್ಯಕ್ರಮದ ಕಾರಣದಿಂದ ಕಲಿಯುವವರು ಬಹಳ ಮಂದಿ, ಇಂಡೋನೇಷಿಯದಲ್ಲಿ ಹಾಗೆಯೇ. ಹೊಟ್ಟೆಪಾಡಿಗಾಗಿ ಕಲಿಯುವವರೂ ಹೆಚ್ಚಿದ್ದಾರೆ. ಮುಪ್ಪಾಗುತ್ತಿರುವ ಜಪಾನಿಗೆ ಕೆಲಸಗಾರರು ಬೇಕು. 2019ರಿಂದ ಜಾರಿಗೆ ಬಂದ ಹೊಸ ವೀಸಾಕ್ಕೆ ಭಾಷಾಪರೀಕ್ಷೆಯೂ ಸೇರಿದೆ. ಇನ್ನೊಂದು ತೊಡಕು ಚಿತ್ರಕಥೆಯ ಭಾಷೆಯದೇ. ಅಲ್ಲಿ ವೀರನಿಗೊಂದು ಮಾತು, ಮುದುಕನಿಗೊಂದು, ನಿಂಜಾ ಗೂಢಚಾರನಿಗೊಂದು. ಇದಕ್ಕೆ ಕಿನ್‌ಸುಯಿ ಸತೋಶಿ ಎಂಬ ಭಾಷಾಶಾಸ್ತ್ರಜ್ಞರು ‘ಪಾತ್ರದ ನುಡಿ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ವೀರಬಾಲಕನಂತೆ ಎದುರಿನವರನ್ನು ‘ಒಮಾಏ’ ಎಂದು ಕರೆಯುವ ಶಿಷ್ಯ ತರಗತಿಯಲ್ಲಿ ಮೇಷ್ಟರನ್ನೂ ಹಾಗೆಯೇ ಕರೆದರೆ, ಅದು ‘ಏ, ನೀನು’ ಎಂದಂತೆ. ಕಂಪನಿ ನಾಟಕಗಳಿಂದ ಕನ್ನಡ ಕಲಿತವನೊಬ್ಬ ಮಲ್ಲೇಶ್ವರದ ಮಾರುಕಟ್ಟೆಗೆ ಹೋಗಿ, “ಎಲೈ ವಣಿಜನೇ, ಈ ಬದನೆಯ ಮೌಲ್ಯವೇನು?” ಎಂದು ಕೇಳಿದರೆ ಹೇಗಿದ್ದೀತು? ಮುದುಕಿ ನಕ್ಕು ಬದನೆಯನ್ನು ಕೊಟ್ಟಾಳು. ಭಾಷೆ ಬಂತೆಂದು ಮಾತ್ರ ಒಪ್ಪಲಾರಳು.

ಆದುದರಿಂದ ಕಥೆ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗೆ ನಡೆಯುವ ಕೆಲಸ ಬೆವರಿನದು. ಇಂಗ್ಲಿಷ್ ಮಾತಾಡುವವನಿಗೆ ಜಪಾನೀ ಬರಬೇಕಾದರೆ 2,200 ಗಂಟೆಗಳ ಪಾಠ ಬೇಕೆಂದು ಅಮೆರಿಕದ ವಿದೇಶಾಂಗ ಇಲಾಖೆಯ ಲೆಕ್ಕ. ಈ ವಿಷಯದಲ್ಲಿ ಮಾತ್ರ ಕನ್ನಡಿಗ ಅದೃಷ್ಟವಂತ. ‘ವತಾಶಿ ವ ಹೊನ್ ಒ ಯೊಮಿಮಾಸು’ ಎಂಬುದು ಪದಕ್ಕೆ ಪದವಿಟ್ಟಂತೆ ‘ನಾನು ಪುಸ್ತಕವನ್ನು ಓದುತ್ತೇನೆ’. ಕರ್ತೃ ಮೊದಲು, ಕ್ರಿಯೆ ಕೊನೆಗೆ. ‘ಅನ್ನು’ ಇದ್ದಲ್ಲಿ ‘ಒ’. ‘ಕೊರೆ’, ‘ಸೊರೆ’, ‘ಅರೆ’ ಎಂಬ ಮೂರು ಮೆಟ್ಟಿಲಿನ ಸರ್ವನಾಮಗಳನ್ನು ಕಂಡರೆ ‘ಇದು’, ‘ಅದು’ಗಳ ನಡುವೆ ‘ಉದು’ ಎಂಬುದನ್ನು ಇಟ್ಟುಕೊಂಡಿದ್ದ ನಮ್ಮ ಹಳಗನ್ನಡ ನೆನಪಾಗುತ್ತದೆ. 1997ರಲ್ಲಿ ಬಿಡದಿಗೆ ಟೊಯೋಟ ಬಂದ ಮೇಲೆ ನೌಕರಿಗಾಗಿ ಜಪಾನೀ ಕಲಿಯುವವರು ನಮ್ಮಲ್ಲಿಯೂ ಆದರು. ಬೆಂಗಳೂರಿನಲ್ಲಿ ನಡೆಯುವ ‘ಜಪಾನ್ ಹಬ್ಬ’ಕ್ಕೆ ಚಿತ್ರಕಥೆಯ ವೇಷ ಹಾಕಿಕೊಂಡು ಬರುವ ಹುಡುಗರದು ಬೇರೊಂದು ಗುಂಪು. ಬೆಂಗಳೂರಿನಲ್ಲೇ ಹುಟ್ಟಿದ ರಜನೀಕಾಂತರ ‘ಮುತ್ತು’ ಚಿತ್ರ 1998ರಲ್ಲಿ ಟೋಕಿಯೋದಲ್ಲಿ ಓಡಿದ ಮೇಲೆ ತಮಿಳು ಕಲಿತ ಜಪಾನೀಯರೂ ಉಂಟು. ದಾರಿ ಎರಡು ಕಡೆಗೂ ಇದೆ.

ಕ್ಯೋಟೋದ ದೋಶಿಶಾ ವಿಶ್ವವಿದ್ಯಾಲಯದ ಆವರಣದಲ್ಲಿ 1995ರಲ್ಲಿ ಒಂದು ಕಲ್ಲನ್ನು ನಿಲ್ಲಿಸಿದ್ದಾರೆ. ಅದರ ಮೇಲೆ ಯುನ್ ದೊಂಗ್-ಜುವಿನ ಕವಿತೆ ಕೊರಿಯನ್ ಮತ್ತು ಜಪಾನೀ, ಎರಡೂ ಭಾಷೆಗಳಲ್ಲಿ ಕೊರೆದಿದೆ. ಜಪಾನಿನ ಕವಯಿತ್ರಿ ಇಬರಗಿ ನೊರಿಕೊ ಐವತ್ತನೆಯ ವಯಸ್ಸಿನಲ್ಲಿ ಕೊರಿಯನ್ ಕಲಿಯತೊಡಗಿ ಈ ಕವಿಯನ್ನು ಕುರಿತು ಬರೆದರು. ಆ ಬರಹ ಜಪಾನಿನ ಶಾಲೆಯ ಪಠ್ಯಪುಸ್ತಕವನ್ನೂ ಸೇರಿತು. ಸೆರೆಯಲ್ಲಿ ಸತ್ತ ಹುಡುಗನ ಭಾಷೆಯನ್ನು ಕಲಿಯೆಂದು ಆಕೆಗೆ ಯಾವ ಸರ್ಕಾರವೂ ಹೇಳಿರಲಿಲ್ಲ.